ಸೂಜಿ ಹಿಡಿಯುವ ಮೊದಲಿನ ಲೆಕ್ಕ

ಮೊನ್ನೆ ಬಟ್ಟೆ ಒಗೆಯುವ ಮಷೀನಿನಿಂದ ನಮ್ಮ ಮನೆಯವರ ಕಪ್ಪು ಪ್ಯಾಂಟು ಮೈತುಂಬ ಬಿಳಿ ಚೂರು ಮೆತ್ತಿಕೊಂಡು ಹೊರಬಂತು. ಇದು ಹೊಸದೇನಲ್ಲ. ನನ್ನ ಬಿಳಿ ಕೋಟಿನ ಕಿಸೆಯಲ್ಲಿ ಮರೆತುಬಿಟ್ಟ ಕ್ಯಾಲೆಂಡರ್ ಹಾಳೆ ನೀರಿನಲ್ಲಿ ಅರೆದು ಹಿಟ್ಟಾಗಿ ಸಿಕ್ಕಸಿಕ್ಕ ಬಟ್ಟೆಗೆಲ್ಲ ಅಂಟಿಕೊಳ್ಳುತ್ತದೆ. ಅವರು ಪ್ಯಾಂಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ನೋಡಿಲ್ಲೆ, ನಿನ್ನ ಗಣಿತ ನನಗ ಹತ್ತೇತಿ. ಅಂಗಡಿಗೆ ಬಂದವರು ಇವಗ ತಲಿಹೊಟ್ಟು ಅಂದ್ಕೊಂತಾರ," ಎಂದರು. ಅವರದು ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ. ನಾನು ಪ್ಯಾಂಟು ಝಾಡಿಸಿ ಒಣಹಾಕಿದೆ.

ಆ ಹಾಳೆಗಳ ಸಂಗತಿ ಹೇಳಬೇಕು. ನಮ್ಮ ಮನೆಯಲ್ಲಿರುವುದು ದಿನಕ್ಕೊಂದು ಹಾಳೆ ಹರಿಯುವ ಗೋಡೆ ಕ್ಯಾಲೆಂಡರ್. ಹಾಳೆಯ ಹಿಂಬದಿ ಖಾಲಿ. ಬೆಳಿಗ್ಗೆ ನಿನ್ನೆಯ ದಿನವನ್ನು ಹರಿದು ಕಿಸೆಗೆ ಸೇರಿಸಿ, ಹಾವೇರಿಯ ಬಸ್ಸು ಹತ್ತುವುದು ನನ್ನ ರೂಢಿ. ಅಲ್ಲಿ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನಾನು ಸಿಸ್ಟರ್. ಇಪ್ಪತ್ತೆರಡು ವರ್ಷವಾಯಿತು. ದೊಡ್ಡವರಿಗಾದರೆ ಒಂದು ಗುಳಿಗೆ, ಎರಡು ಗುಳಿಗೆ ಎಂದು ಕೊಟ್ಟು ಕಳಿಸಬಹುದು. ಮಕ್ಕಳಿಗೆ ಹಾಗಲ್ಲ. ಕೂಸು ಎಷ್ಟು ಕಿಲೋ ಇದೆ, ಕಿಲೋಗೆ ಎಷ್ಟು ಔಷಧ, ಬಾಟಲಿಯಲ್ಲಿ ಎಷ್ಟಿದೆ, ಸೂಜಿಗೆ ಎಷ್ಟು ಎಳೆಯಬೇಕು, ಎಲ್ಲವೂ ಲೆಕ್ಕ. ಆ ಲೆಕ್ಕಗಳನ್ನೆಲ್ಲ ನಾನು ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದೇ ಮಾಡುತ್ತೇನೆ. ಎರಡನ್ನು ಐದರಿಂದ ಗುಣಿಸಬೇಕಾದರೂ ಬರೆಯುತ್ತೇನೆ. ವಾರ್ಡಿನಲ್ಲಿ ನನಗೆ 'ಕ್ಯಾಲೆಂಡರ್ ಸಿಸ್ಟರ್' ಎಂಬ ಬಿರುದು ಇದೆ. ಇದನ್ನು ನನ್ನ ಶಿಸ್ತು ಎಂದು ತಿಳಿದು ಮೆಚ್ಚುವವರೂ ಇದ್ದಾರೆ. ಖರೇ ಹೇಳುತ್ತೇನೆ, ಇದು ಶಿಸ್ತಲ್ಲ, ಅಂಜಿಕೆ. ಗಣಿತದ ವಿಷಯದಲ್ಲಿ ನಾನು ಹುಟ್ಟಾ ಪುಕ್ಕಲಿ.

ಅಂಜಲು ಕಾರಣವೇನೂ ಇರಬಾರದಿತ್ತು. ನಾನು ಹುಟ್ಟಿದ್ದು ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಪೇಟೆಯಲ್ಲಿ ತೂಕ ಮಾಡುವವರ ಮನೆಯಲ್ಲಿ. ಅಪ್ಪ ಕಾಗದ ಮುಟ್ಟದೆ ಐವತ್ತು ಚೀಲದ ತೂಕ ಕೂಡಿಸಿ ಹೇಳುತ್ತಿದ್ದ. ಅಣ್ಣಂದಿರೂ ಹಾಗೆಯೇ. ಊಟಕ್ಕೆ ಕೂತಾಗ ಬಾಯಿಲೆಕ್ಕದ ಪಂದ್ಯ ನಡೆಯುತ್ತಿತ್ತು. ನನ್ನ ಸರದಿ ಬಂದಾಗ ರೊಟ್ಟಿ ಬಿಟ್ಟು ಬೆರಳು ಎಣಿಸುತ್ತಿದ್ದೆ. "ಇದರ ತಲ್ಯಾಗ ಬರೇ ಮೆಣಸಿನಕಾಯಿ ಬೀಜ ತುಂಬ್ಯಾವ," ಎಂದು ಅಣ್ಣ ನಗುತ್ತಿದ್ದ. ನಾನೂ ನಗುತ್ತಿದ್ದೆ, ಅಳುವುದಕ್ಕಿಂತ ಅದು ವಾಸಿ ಎಂದು.

ನಾಲ್ಕನೆಯ ಇಯತ್ತೆಯಲ್ಲಿದ್ದಾಗ ನಡೆದದ್ದು ಇನ್ನೂ ನೆನಪಿದೆ. ಬೇರೆ ಸೀಮೆಯಿಂದ ಹೊಸದಾಗಿ ವರ್ಗವಾಗಿ ಬಂದ ಟೀಚರೊಬ್ಬರು, ನಮ್ಮ ಬಾಯಲ್ಲಿ ಅಕ್ಕೋರು, ನಮ್ಮ ಊರಿನ ಮಕ್ಕಳಿಗೆ ಇಷ್ಟವಾಗಲಿ ಎಂದೇ ಇರಬೇಕು, ಒಂದು ಲೆಕ್ಕ ಕೊಟ್ಟರು. ಒಂದು ಚೀಲದಲ್ಲಿ ನಲವತ್ತು ಕಿಲೋ ಮೆಣಸಿನಕಾಯಿ ಇದೆ, ಹನ್ನೆರಡು ಚೀಲಗಳಲ್ಲಿ ಎಷ್ಟು ಮೆಣಸಿನಕಾಯಿ ಇದೆ? ಉತ್ತರ ನಾನೂರ ಎಂಬತ್ತು. ನಾನು ಬರೆದದ್ದು ನಾನೂರ ಅರವತ್ತೆಂಟು. ನಾನೊಬ್ಬಳೇ ಅಲ್ಲ, ಅರ್ಧ ತರಗತಿ ಬರೆದದ್ದೂ ನಾನೂರ ಅರವತ್ತೆಂಟೇ. ಅಕ್ಕೋರಿಗೆ ಸಿಟ್ಟು ನೆತ್ತಿಗೇರಿತು. ಎಲ್ಲರೂ ಒಬ್ಬರದನ್ನೊಬ್ಬರು ನೋಡಿ ಬರೆದಿದ್ದಾರೆ ಎಂದು ನಮ್ಮನ್ನು ಸಾಲಾಗಿ ಗೋಡೆಗೆ ನಿಲ್ಲಿಸಿದರು. ಗದ್ದಲ ಕೇಳಿ ಬಂದ ಹೆಡ್ ಮಾಸ್ತರು ನಮ್ಮ ಸ್ಲೇಟು ಪಾಟಿಗಳನ್ನು ನೋಡಿ ನಕ್ಕರು. "ಅಕ್ಕೋರ, ಇವು ಬ್ಯಾಡಗಿ ಹುಡುಗ್ರು. ಚೀಲಕ್ಕೊಂದು ಕಿಲೋ ಚೀಲದ ತೂಕ ಕಳದಾವ್ರಿ. ಚೀಲ ಕಳೀದ ಇವಕ್ಕ ಊಟಾನೂ ಸೇರಂಗಿಲ್ಲ."

ಪೇಟೆಯಲ್ಲಿ ತೂಗುವಾಗ ಚೀಲದ ತೂಕ ಕಳೆಯುವುದು ನಮಗೆ ಉಸಿರಾಡಿದಷ್ಟು ಸಹಜವಾಗಿತ್ತು. ಲೆಕ್ಕದಲ್ಲಿ 'ಚೀಲ' ಎಂಬ ಮಾತು ಕಂಡದ್ದೇ ತಡ, ಮುಂದೆ ಏನು ಬರೆದಿದೆ ಎಂದು ಓದುವ ಮೊದಲೇ ಕೈ ಕಳೆದುಬಿಟ್ಟಿತ್ತು. ಉಳಿದವರು ನಗುತ್ತ ಜಾಗಕ್ಕೆ ಮರಳಿದರು. ನನಗೆ ಮಾತ್ರ ಅವತ್ತಿನಿಂದ ಹೊಸದೊಂದು ಅಂಜಿಕೆ ಹತ್ತಿತು. ಬಾರದ ಲೆಕ್ಕಕ್ಕೆ ಅಂಜುವುದು ಸರಿ. ಚೆನ್ನಾಗಿ ಬರುತ್ತದೆ ಎಂದುಕೊಂಡದ್ದೂ ಹೀಗೆ ಕೈಕೊಟ್ಟರೆ ಯಾವುದನ್ನು ನಂಬುವುದು?

ಮೆಣಸಿನಕಾಯಿ ಘಾಟಿಗೆ ನನಗೆ ದಮ್ಮು ಹತ್ತುತ್ತಿತ್ತು. ಅದಕ್ಕೆಂದು ಹೈಸ್ಕೂಲಿಗೆ ನನ್ನನ್ನು ರಾಣೆಬೆನ್ನೂರಿನ ದೊಡ್ಡವ್ವನ ಮನೆಗೆ ಕಳಿಸಿದರು. ಅಲ್ಲಿ ದಮ್ಮು ಬಿಟ್ಟಿತು, ಗಣಿತ ಬಿಡಲಿಲ್ಲ. ಆದರೆ ಗಣಿತದ ಅಕ್ಕೋರು ಬೇರೆಯವರಿದ್ದರು. ತೀರ ಗಿಡ್ಡ ಮನುಷ್ಯರು. ಕರಿಹಲಗೆಯ ಮೇಲಿನ ಅರ್ಧಕ್ಕೆ ಅವರ ಕೈ ಎಟುಕುತ್ತಿರಲಿಲ್ಲ, ಆದ್ದರಿಂದ ಮೂರು ವರ್ಷದ ನಮ್ಮ ಗಣಿತವೆಲ್ಲ ಕೆಳಗಿನ ಅರ್ಧದಲ್ಲೇ ನಡೆಯಿತು. ಮೇಲಿನ ಅರ್ಧದಲ್ಲಿ ಯಾರೋ ಎಂದೋ ಬರೆದ ಸುಭಾಷಿತ ಹಾಗೇ ಉಳಿದಿತ್ತು.

ಮೊದಲ ದಿನವೇ ಅವರು ಒಂದು ಡಬ್ಬಿ ಹಿಡಿದು ಬಂದು ಎಲ್ಲರ ರಬ್ಬರನ್ನೂ ವಸೂಲು ಮಾಡಿದರು. ನನಗೆ ಸೆರಗು ಕಿತ್ತುಕೊಂಡಷ್ಟು ನಾಚಿಕೆಯಾಯಿತು. ಅಲ್ಲಿಯವರೆಗೆ ನಾನು ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು. ನನ್ನ ನೋಟ್‌ಬುಕ್ಕಿನ ಹಾಳೆಗಳಲ್ಲಿ ತೂತು ಬಿದ್ದು ಹಿಂದಿನ ಪುಟದ ತಪ್ಪು ಈ ಪುಟದ ತಪ್ಪಿನೊಳಗೆ ಇಣುಕುತ್ತಿತ್ತು. "ತಪ್ಪು ಮುಚ್ಚಬ್ಯಾಡ್ರಿ," ಎಂದರು ಅಕ್ಕೋರು. "ಅಡ್ಡ ಒಂದ ಗೆರಿ ಎಳೀರಿ, ಸಾಕು. ಎಲ್ಲಿ ಕಾಲು ಜಾರ್ತು ಅನ್ನೂದು ನಾಳೆ ಕಾಣಬೇಕಲ್ಲ." ಲೆಕ್ಕವನ್ನು ಎರಡು ಸಲ ಓದದೆ ಪೆನ್ಸಿಲ್ಲು ಮುಟ್ಟುವಂತಿರಲಿಲ್ಲ, ಎರಡನೆಯ ಸಲ ಬೆರಳಿಟ್ಟು ಓದಬೇಕು. ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಎಂದು ಮೇಲೆ ಬರೆಯಬೇಕು. ಉತ್ತರದ ಮುಂದೆ ಕಿಲೋವೋ ಮೀಟರೋ ಬರೆಯದಿದ್ದರೆ, "ಇದೇನಿದು, ಹೆಸರಿಡದ ಕೂಸು," ಎಂದು ಹಾಳೆ ತಿರುಗಿಸಿ ಕೊಡುತ್ತಿದ್ದರು.

ಒಮ್ಮೆ ನಮ್ಮನ್ನೆಲ್ಲ ಹೊಳೆದಂಡೆಯ ಗಳಗನಾಥಕ್ಕೆ ಕರೆದುಕೊಂಡು ಹೋಗಿದ್ದರು. ಹೊಳೆ ನೋಡುತ್ತೇವೆ, ಬುತ್ತಿ ಬಿಚ್ಚುತ್ತೇವೆ ಎಂದು ಕುಣಿಯುತ್ತ ಹೋದರೆ, ಈ ಅಕ್ಕೋರು ಗುಡಿಯ ನೆರಳು ಅಳೆಯಲು ಹಚ್ಚಿದರು. ಒಂದು ಕೋಲು ನೆಟ್ಟು ಅದರ ನೆರಳು, ಗುಡಿಯ ನೆರಳು, ಅದರಿಂದ ಗುಡಿಯ ಎತ್ತರ. ಅಳೆಯುವ ಮೊದಲು ಪ್ರತಿಯೊಬ್ಬರೂ ಅಂದಾಜು ಹೇಳಬೇಕು. ಒಬ್ಬಳು ಸಾವಿರ ಅಡಿ ಎಂದಳು. ನಾನು ಉಳಿದವರ ಹಿಂದೆ ಸರಿದೆ. ಅಕ್ಕೋರು ನನ್ನ ಹತ್ತಿರ ಬಂದು, "ತಪ್ಪು ಅಂದಾಜು ಹೇಳಿದಾಕಿ ಯಾರೂ ಹೊಳಿಗೆ ಬಿದ್ದಿಲ್ಲವಾ. ಇರುವಿಯಷ್ಟೈತೋ ಆನಿಯಷ್ಟೈತೋ, ಅಷ್ಟರ ಹೇಳು. ಆಮ್ಯಾಲೆ ಬಂದ ಉತ್ತರ ಖರೇನೋ ಸುಳ್ಳೋ ತಿಳೀತೈತಿ," ಎಂದರು. ನಾನು ತೊದಲುತ್ತ ನಲವತ್ತಡಿ ಎಂದೆ. ಅದು ಸರಿಯಿತ್ತೋ ಇಲ್ಲವೋ ಈಗ ನೆನಪಿಲ್ಲ. ಬುತ್ತಿಯ ಶೇಂಗಾ ಚಟ್ನಿಯ ಖಾರ ಮಾತ್ರ ನೆನಪಿದೆ.

ಅವರದು ಇನ್ನೂ ಒಂದು ಪದ್ಧತಿಯಿತ್ತು. ಒಂದೇ ಲೆಕ್ಕವನ್ನು ಇಬ್ಬಿಬ್ಬರು, ಒಬ್ಬರದನ್ನೊಬ್ಬರು ನೋಡದೆ ಮಾಡಬೇಕು. ಉತ್ತರ ಬೇರೆ ಬಂದರೆ ಜಗಳಾಡುವಂತಿಲ್ಲ, ಸಾಲಿನಿಂದ ಸಾಲಿಗೆ ಬೆರಳಿಟ್ಟುಕೊಂಡು ಬರಬೇಕು. ನಾನು ಈ ಎಲ್ಲವನ್ನೂ ಚಾಚೂ ತಪ್ಪದೆ ಕಲಿತೆ. ಗಣಿತದ ಮೇಲಿನ ಪ್ರೀತಿಯಿಂದಲ್ಲ. ಹೊಳೆಯಲ್ಲಿ ಈಜು ಬಾರದವರು ಹಗ್ಗ ಹಿಡಿದಂತೆ ಹಿಡಿದುಕೊಂಡೆ, ಅಷ್ಟೇ. ಎಸ್ಸೆಸ್ಸೆಲ್ಸಿ ದಾಟಿದ ದಿನ ಇನ್ನು ಜನ್ಮದಲ್ಲಿ ಗಣಿತದ ಮೋರೆ ನೋಡುವುದಿಲ್ಲ ಎಂದುಕೊಂಡೆ, ಮುಂದೆ ನರ್ಸಿಂಗ್ ಸೇರಿದೆ. ರೋಗಿಗಳಿಗೆ ಧೈರ್ಯ ಹೇಳುವುದು, ಹಾಸಿಗೆ ಬದಲಿಸುವುದು ಇಷ್ಟೇ ಇರುತ್ತದೆ ಎಂದುಕೊಂಡಿದ್ದೆ. ಎರಡನೆಯ ವಾರವೇ ಮಿಲಿಗ್ರಾಂ, ಎಂ.ಎಲ್., ನಿಮಿಷಕ್ಕೆ ಎಷ್ಟು ಹನಿ! ದೆವ್ವಕ್ಕಂಜಿ ಮನೆ ಬಿಟ್ಟವಳು ಅದರ ತವರಿಗೇ ಹೋಗಿ ಕೂತಿದ್ದೆ. ಶಾಲೆಯಲ್ಲಿ ಲೆಕ್ಕ ತಪ್ಪಿದರೆ ಅಂಕ ಹೋಗುತ್ತಿತ್ತು. ಇಲ್ಲಿ ತಪ್ಪಿದರೆ ಏನು ಹೋಗುತ್ತದೆ ಎಂದು ಯೋಚಿಸಲು ಈಗಲೂ ಅಂಜುತ್ತೇನೆ.

ಇಪ್ಪತ್ತೆರಡು ವರ್ಷ ಆ ಹಗ್ಗ ಬಿಡಲಿಲ್ಲ. ಕಲಿಯಲು ಬರುವ ನರ್ಸಿಂಗ್ ಹುಡುಗಿಯರಿಗೂ ಅದನ್ನೇ ಹೇಳಿಕೊಟ್ಟೆ. ಎರಡು ಸಲ ಓದು, ಬರೆದು ಮಾಡು, ಅಂದಾಜು ಹಿಡಿ, ಇನ್ನೊಬ್ಬರ ಹತ್ತಿರ ಮಾಡಿಸು. ಅವರು ಬೆನ್ನ ಹಿಂದೆ ನನ್ನ ದನಿ ತೆಗೆದು ಅಣಕಿಸುತ್ತಾರೆಂದು ಗೊತ್ತು. ಅಣಕಿಸಲಿ, ಅಷ್ಟಾದರೂ ಬಾಯಿಪಾಠವಾಗುತ್ತದೆ. ಆದರೆ ವರ್ಷ ಕಳೆದ ಹಾಗೆ ಒಂದು ಸಂಗತಿ ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ. ಅಂಜಿಕೆ ಸವೆಯುತ್ತ ಬಂದಿತ್ತು. ದಿನವೂ ಮಾಡುವ ಲೆಕ್ಕಗಳ ಉತ್ತರಗಳು ಬಾಯಿಗೇ ಬಂದುಬಿಟ್ಟಿದ್ದವು. ಒಂದು ಇಂಜೆಕ್ಷನ್ನಿಗೆ 'ನಾಲ್ಕು ಕಿಲೋ ಕೂಸಿಗೆ ಒಂದು ಬಾಟಲಿ' ಎಂದು ಅಪ್ಪನ ಹಾಗೆ ಕಾಗದ ಮುಟ್ಟದೆ ಹೇಳಬಲ್ಲೆನಾಗಿದ್ದೆ. ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಅಣ್ಣ ನೋಡಬೇಕಿತ್ತು ಎನಿಸುತ್ತಿತ್ತು.

ಕಳೆದ ಚಳಿಗಾಲದಲ್ಲಿ ರೇಣುಕಾ ಎಂಬ ಹುಡುಗಿ ನಮ್ಮ ವಾರ್ಡಿಗೆ ಕಲಿಯಲು ಬಂದಳು. ದೇವರಗುಡ್ಡದ ಕಡೆಯವಳು. ಓದುವಾಗ ತುಟಿ ಆಡಿಸುವಳು, ಬರೆಯುವಾಗ ನಾಲಿಗೆ ಹೊರಗಿಡುವಳು. ಅವಳ ನಿಧಾನ ನೋಡಿದರೆ ನನಗೇ ದಮ್ಮು ಮರುಕಳಿಸುವಂತಿತ್ತು. ಒಂದು ದಿನ ತಡೆಯದೆ, ಉಳಿದ ಹುಡುಗಿಯರ ಎದುರಿಗೇ, "ನೀ ಲೆಕ್ಕ ಮುಗಸೂದ್ರಾಗ ಕೂಸು ದೊಡ್ಡದಾಗಿ ಸಾಲಿಗೆ ಹೊಕ್ಕೇತಿ. ಎಲ್ಲಾದಕ್ಕೂ ಕೇಳಬ್ಯಾಡ, ತಲಿ ಓಡಸು," ಎಂದು ಬೈದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆ ನಗು ಎಂಥದೆಂದು ನನಗಲ್ಲದೆ ಇನ್ನಾರಿಗೆ ಗೊತ್ತಾಗಬೇಕಿತ್ತು? ಆಗ ನನಗೆ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕುಮಾರಪಟ್ಟಣದ ಕಡೆಯಿಂದ ಎರಡು ತಿಂಗಳ ಕೂಸೊಂದು ಬಂತು. ಜ್ವರದಲ್ಲಿ ಕಾಯುತ್ತಿತ್ತು. ತೂಕ ಮಾಡಿದರೆ ಸರಿಯಾಗಿ ನಾಲ್ಕು ಕಿಲೋ. ಡಾಕ್ಟರು ಅದೇ ಇಂಜೆಕ್ಷನ್ ಬರೆದರು, ಕಿಲೋಗೆ ಐದು ಮಿಲಿಗ್ರಾಂ. ತಾಯಿ ಎಳೆಯ ಹುಡುಗಿ, ಗೋಡೆಗೊರಗಿ ಸುಮ್ಮನೆ ನಿಂತಿದ್ದಳು. ಕೂಸನ್ನು ಹಿಡಿದಿದ್ದ ಅಜ್ಜಿ, "ಯವ್ವಾ, ಲಗೂ ಮಾಡವಾ, ಕೂಸು ಕಣ್ಣ ತೆರೀವಲ್ದು," ಎಂದು ಒಂದೇ ಸವನೆ ಹೇಳುತ್ತಿದ್ದಳು. ಆಚೆ ಇನ್ನೂ ಇಬ್ಬರು ಮಕ್ಕಳು ಅಳುತ್ತಿದ್ದರು. ನಾನು ರೇಣುಕಾಳಿಗೆ, "ನೀನೂ ಲೆಕ್ಕ ಮಾಡು," ಎಂದು ಹೇಳಿದೆ, ಆದರೆ ನಾನು ಬರೆಯಲಿಲ್ಲ. ನಾಲ್ಕು ಕಿಲೋ ಕೂಸಿಗೆ ಒಂದು ಬಾಟಲಿ. ಬಾಟಲಿಗೆ ಸೂಜಿ ಚುಚ್ಚಿ ಎರಡು ಎಂ.ಎಲ್. ಪೂರ್ತಿ ಎಳೆದೆ. ಅಜ್ಜಿ ಕೂಸಿನ ಕಾಲು ಗಟ್ಟಿಯಾಗಿ ಹಿಡಿದಳು.

ಆಗ ರೇಣುಕಾ ನನ್ನ ಮೊಣಕೈ ಹತ್ತಿರ ಹಾಳೆ ಹಿಡಿದು ನಿಂತಿದ್ದಳು.

"ಸಿಸ್ಟರ್, ನಂದೆಲ್ಲೋ ತಪ್ಪೇತ್ರಿ. ಅರ್ಧ ಎಂ.ಎಲ್. ಬರಾಕತ್ತೇತಿ. ಎಲ್ಲಿ ತಪ್ಪೇನಿ ತೋರಸ್ರಿ."

"ಈಗನ?" ಎಂದೆ.

"ಹೂಂ ರೀ. ಆಮ್ಯಾಲೆ ಮರ್ತು ಹೋಗತೈತ್ರಿ."

ಸಿಟ್ಟು ಬಂತು. ಆದರೂ ಹಳೆಯ ರೂಢಿ, ಎಡಗೈ ಬೆರಳು ತಾನಾಗಿ ಅವಳ ಹಾಳೆಯ ಮೇಲೆ ಹೋಯಿತು. ತೂಕ ನಾಲ್ಕು ಕಿಲೋ, ಸರಿ. ನಾಲ್ಕೈದಲೆ ಇಪ್ಪತ್ತು ಮಿಲಿಗ್ರಾಂ, ಸರಿ. ಬಾಟಲಿಯಲ್ಲಿ, ಎರಡು ಎಂ.ಎಲ್.ಗೆ ಎಂಬತ್ತು ಮಿಲಿಗ್ರಾಂ. ಅಲ್ಲಿ ಬೆರಳು ನಿಂತಿತು. "ಎಂಬತ್ತು ಎಲ್ಲಿಂದ ತಂದಿ? ಇಪ್ಪತ್ತು ಅದು."

"ಬಾಟಲಿ ಮ್ಯಾಲೆ ಹಂಗ ಐತ್ರಿ."

ನಾನು ಬಾಟಲಿ ನೋಡಿದೆ. ಅದೇ ಗಾತ್ರ, ಅದೇ ಮುಚ್ಚಳ, ಇರುವೆ ಸಾಲಿನಂಥ ಅಕ್ಷರ. ಇಪ್ಪತ್ತರ ಬಾಟಲಿ ತೀರಿ ಅವತ್ತು ಎಂಬತ್ತರದು ಬಂದಿತ್ತು. ನನ್ನ ಬಲಗೈಯ ಸೂಜಿಯಲ್ಲಿದ್ದದ್ದು ಆ ಕೂಸಿಗೆ ಬೇಕಾದದ್ದರ ನಾಲ್ಕು ಪಟ್ಟು. ಕೂಸಿನ ತೊಡೆಗೂ ಸೂಜಿಗೂ ನಡುವೆ ಒಂದು ಗೇಣು ಅಂತರವಿತ್ತು.

ಆ ಭಯವನ್ನು ಹೇಗೆ ಹೇಳಲಿ? ಅಜ್ಜಿಯ ಬಾಯಿ ಆಡುವುದು ಕಾಣುತ್ತಿತ್ತು, ದನಿ ಕೇಳುತ್ತಿರಲಿಲ್ಲ. ಆ ಹೊತ್ತಿನಲ್ಲೂ ನನ್ನ ಬುದ್ಧಿ ಎಷ್ಟು ಚುರುಕಾಗಿ ಓಡಿತೆಂದು ನೆನೆದರೆ ನಾಚಿಕೆಯಾಗುತ್ತದೆ. ರೇಣುಕಾಳನ್ನು ಹತ್ತಿ ತರಲು ಆಚೆ ಕಳಿಸಿದೆ. ಅಜ್ಜಿಗೆ, "ಇದ್ರಾಗ ಗಾಳಿ ಬಂದೇತಿ, ಇನ್ನೊಂದ ತುಂಬತೇನಿ," ಎಂದೆ. ಆ ಸೂಜಿ ಬಿಸಾಕಿ, ಇನ್ನೊಂದು ಬಾಟಲಿಯಿಂದ ಹೊಸ ಸೂಜಿಗೆ ಅರ್ಧ ಎಂ.ಎಲ್. ಎಳೆದು, ಮೂರು ಸಲ ನೋಡಿ, ಚುಚ್ಚಿದೆ. ಕೂಸು ಅತ್ತಿತು. ರೇಣುಕಾ ಹತ್ತಿ ತಂದಾಗ ಎಲ್ಲ ಮುಗಿದಿತ್ತು. "ನನ್ನ ತಪ್ಪು ಎಲ್ಲಿತ್ರಿ ಸಿಸ್ಟರ್?" ಎಂದಳು. "ಆಮ್ಯಾಲೆ ಹೇಳತೇನಿ ಹೋಗು," ಎಂದೆ.

ಅವತ್ತು ಯಾರಿಗೂ ಹೇಳಲಿಲ್ಲ. ಹೇಳದಿರಲು ಕಾರಣಗಳಿಗೇನು ಬರ! ಕೂಸಿಗೆ ಏನೂ ಆಗಿಲ್ಲವಲ್ಲ. ಕೊನೆಗೆ ಸರಿಯಾದದ್ದನ್ನೇ ಕೊಟ್ಟೆನಲ್ಲ. ಬಸ್ಸಿನಲ್ಲಿ ರಾಣೆಬೆನ್ನೂರು ಮುಟ್ಟುವವರೆಗೆ ಇವನ್ನೇ ಎಣಿಸುತ್ತ ಕೂತೆ. ಊಟಕ್ಕೆ ಕೂತು ಬರೇ ಅನ್ನ ಕಲಸುತ್ತಲೇ ಇದ್ದೆ. "ಯಾಕ, ಸಾರಿಗೆ ಉಪ್ಪಾಗೇತೇನು?" ಎಂದು ಮನೆಯವರು ಕೇಳಿದರು. ಅವತ್ತು ಸಾರು ಮಾಡಿದ್ದು ಅವರೇ. ಚಲೋ ಆಗೇತಿ ಎಂದೆ. ನನಗೆ ಆಸ್ಪತ್ರೆಯ ಅಂಜಿಕೆಯಿತ್ತು, ನೌಕರಿಯ ಅಂಜಿಕೆಯಿತ್ತು. ಅವೆಲ್ಲಕ್ಕಿಂತ, ಕ್ಯಾಲೆಂಡರ್ ಸಿಸ್ಟರ್ ಬರೆಯದೆ ಮಾಡಿದಳಂತೆ ಎಂದು ಹುಡುಗಿಯರು ಆಡಿಕೊಳ್ಳುವ ಮಾತಿನ ಅಂಜಿಕೆ ದೊಡ್ಡದಾಗಿತ್ತು.

ಮರುದಿನ ವಾರ್ಡಿಗೆ ಕಾಲಿಡುತ್ತಿದ್ದಂತೆ ರೇಣುಕಾ ಓಡಿ ಬಂದಳು. ಮುಖ ಅರಳಿತ್ತು.

"ಬಂತ್ರಿ ಸಿಸ್ಟರ್! ನಿಮ್ಮ ಉತ್ತರ ಬಂತು. ನಿನ್ನಿ ಹಾಸ್ಟೆಲಿನ್ಯಾಗ ಕುಂತು ಹತ್ತು ಸಲ ಮಾಡಿದ್ನಿರಿ. ಎಂಬತ್ತು ಹಿಡಿದ್ರ ಎಷ್ಟ ಮಾಡಿದ್ರೂ ಬರಂಗಿಲ್ಲ. ಇಪ್ಪತ್ತು ಹಿಡಿದ್ರ ಬರೋಬ್ಬರಿ ಎರಡು ಎಂ.ಎಲ್. ಬರ್ತೈತಿ. ನಾ ಬಾಟಲಿ ಓದೂದ್ರಾಗ ತಪ್ಪಿದ್ನಿರಿ. ಇನ್ನ ಮ್ಯಾಲೆ ತಪ್ಪಂಗಿಲ್ಲ."

ಹಾಳೆ ಮುಂದೆ ಹಿಡಿದಳು. ದುಂಡು ಅಕ್ಷರ, ಸಾಲು ಸಾಲಾಗಿ, ಕೊಟ್ಟದ್ದು, ಕೇಳಿದ್ದು, ಎಲ್ಲ ನಾನು ಕಲಿಸಿದ ಹಾಗೆಯೇ ಇತ್ತು. ಸರಿಯಾಗಿದ್ದ ಎಂಬತ್ತರ ಮೇಲೆ ಅಡ್ಡ ಒಂದು ಗೆರೆ. ಈ ಹುಡುಗಿ ನಾಳೆ ಯಾವುದೋ ಊರಿನ ಆಸ್ಪತ್ರೆಯಲ್ಲಿ ಒಬ್ಬಳೇ ನಿಂತಿರುತ್ತಾಳೆ. ಕಣ್ಣೆದುರಿಗೆ ಎಂಬತ್ತು ಎಂದು ಬರೆದಿರುತ್ತದೆ. ತನ್ನ ಕಣ್ಣು ನಂಬದೆ, ಕಲಿಸಿದ ಸಿಸ್ಟರ್ ಹೇಳಿದ್ದಾರೆಂದು ಪೂರ್ತಿ ಬಾಟಲಿ ಎಳೆಯುತ್ತಾಳೆ. ಹಿಂದಿನ ದಿನ ಸೂಜಿ ಹಿಡಿದು ನಿಂತಾಗಲೂ ನನಗೆ ಅಷ್ಟು ಭಯವಾಗಿರಲಿಲ್ಲ.

"ರೇಣುಕಾ, ನಿಂದು ಸರಿ ಇತ್ತು," ಎಂದೆ. "ಬಾಟಲಿ ಎಂಬತ್ತರದ. ತಪ್ಪಿದಾಕಿ ನಾನು. ಆಮ್ಯಾಲೆ ಆ ಕೂಸಿಗೆ ನಾ ಕೊಟ್ಟಿದ್ದು ನಿನ್ನ ಉತ್ತರ, ಅರ್ಧ ಎಂ.ಎಲ್."

ಅವಳ ಮುಖ ಇನ್ನಷ್ಟು ಅರಳುತ್ತದೆ ಎಂದುಕೊಂಡಿದ್ದೆ. ಅವಳು ಕೂಸಿದ್ದ ಮಂಚದ ಕಡೆ ನೋಡಿದಳು. ಕೂಸು ಹಾಲು ಕುಡಿಯುತ್ತಿತ್ತು. ರೇಣುಕಾ ಸ್ಟೂಲಿನ ಮೇಲೆ ಕುಸಿದು ಕೂತಳು.

"ನಾ ಕೇಳಬಾರದು ಅಂತ ಮಾಡಿದ್ನಿರಿ ಸಿಸ್ಟರ್. ಮೊನ್ನಿ ಬೈದಿದ್ರಲ್ಲ, ಎಲ್ಲಾದಕ್ಕೂ ಕೇಳಬ್ಯಾಡ ಅಂತ. ನಾ ಕೇಳದಿದ್ರ ಏನಾಗತಿತ್ರಿ?"

"ಗೊತ್ತಿಲ್ಲವಾ. ಕಿವಿ ಹೋಗತಿತ್ತೋ, ಮೂತ್ರ ನಿಲ್ಲತಿತ್ತೋ. ಕೂಸ ಉಳೀತಿತ್ತೋ ಇಲ್ಲೋ, ಅದೂ ಗೊತ್ತಿಲ್ಲ."

ನಾನು ಅವಳ ಹಾಳೆ ತೆಗೆದುಕೊಂಡು, ನಡೆದದ್ದನ್ನು ಹೇಳಲೆಂದು ಡಾಕ್ಟರ ಕೋಣೆಯ ಕಡೆ ನಡೆದೆ. ಅವಳು ಹಿಂದೆಯೇ ಬಂದಳು. ಬಾಗಿಲ ಹತ್ತಿರ ಹೋಗಿ ನಿಂತೆ. ಏನೆಂದು ಶುರುಮಾಡಬೇಕೆಂದು ಮನಸ್ಸಿನಲ್ಲೇ ಹೇಳಿ ನೋಡಿಕೊಂಡೆ. ಮೊದಲ ಸಲ ಹೇಳಿಕೊಂಡಾಗ ಬಾಟಲಿಯ ಸಣ್ಣ ಅಕ್ಷರದ ತಪ್ಪಾಯಿತು. ಎರಡನೆಯ ಸಲ ಅಜ್ಜಿಯ ಗಡಿಬಿಡಿಯ ತಪ್ಪಾಯಿತು. ನನ್ನ ತಪ್ಪು ಪ್ರತಿ ಸಲವೂ ಒಂದಿಷ್ಟು ಕರಗುತ್ತಿತ್ತು.

"ನಾ ಹೊರಗ ನಿಂದರ್ಲೇನ್ರಿ?" ಎಂದಳು ರೇಣುಕಾ.

"ಬ್ಯಾಡ, ಒಳಗ ಬಾ. ನಾ ಆಗಿದ್ದಕ್ಕಿಂತ ಸಣ್ಣದು ಮಾಡಿ ಹೇಳಾಕತ್ತಿದ್ರ, ಅಲ್ಲೇ ತಿದ್ದು."

ಬಾಗಿಲು ತಟ್ಟಿದವಳು ಅವಳೇ.